ಬರೆಸಿಕೊಂಡವರ ಹೆಸರು



ಸೀಮೆಸುಣ್ಣದ ಮುಖಚಿತ್ರಗಳ ಈ ಪ್ರದರ್ಶನ ಮತ್ತು ಮಾರಾಟವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಹಳೆಯ ಮುಖಚಿತ್ರ ಹರಾಜಿಗೆ ಬಂದರೆ ಎಲ್ಲರೂ ಮೊದಲು ಕೇಳುವುದು, ಬರೆದವರು ಯಾರು ಎಂದು. ಬರೆಸಿಕೊಂಡವರು ಯಾರು ಎಂಬ ಪ್ರಶ್ನೆಗೂ ಅಷ್ಟೇ ತೂಕವಿರಬೇಕು ಎಂಬುದು ನನ್ನ ವಾದ. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಮೇಲೆ ಡಬ್ಲಿನ್ ಮೂಲದ ಚಿತ್ರಕಾರ ಥಾಮಸ್ ಹಿಕ್ಕಿ ಅಲ್ಲಿಗೆ ಬಂದು, ಯುದ್ಧದ ದೊಡ್ಡ ಚಿತ್ರಗಳಿಗೆಂದು ಬ್ರಿಟಿಷ್ ಅಧಿಕಾರಿಗಳ ಮುಖಗಳನ್ನು ಸೀಮೆಸುಣ್ಣ, ಇದ್ದಿಲುಗಳಲ್ಲಿ ಬರೆದುಕೊಂಡ. ದೊಡ್ಡ ಚಿತ್ರಗಳ ಯೋಜನೆ ಕೈಗೂಡಲಿಲ್ಲ, ಮುಖಗಳು ಉಳಿದವು. ಸೇನೆಯ ದಾಖಲೆಗಳಲ್ಲಿ ಆ ಅಧಿಕಾರಿಗಳ ಹೆಸರೂ ಉಳಿದವು. ಅದೇ ಹಿಕ್ಕಿ ಸುಮಾರು 1805ರಲ್ಲಿ ಮೈಸೂರಿನ ಮೂವರು ಸ್ತ್ರೀಯರನ್ನು ತೈಲವರ್ಣದಲ್ಲಿ ಬರೆದ. ಅವರ ಹೆಸರು ಮಾತ್ರ ಕಳೆದುಹೋಯಿತು; ನರ್ತಕಿಯರಿರಬೇಕೆಂದು ಜನ ಊಹಿಸಿದರು. ಅವರು ಮೈಸೂರು ಅರಮನೆಯ ರಾಣಿಯರು, ಚಿತ್ರಕ್ಕೂ ಸಿಡುಬಿನ ಲಸಿಕೆಗೂ ನಂಟಿದೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದ ಮಂಡಿಸಿದರು. ಬಲಗಡೆಯ ಹೆಣ್ಣುಮಗಳು ಸೆರಗಿನ ಮರೆಯಲ್ಲಿರಬೇಕಾದ ಎಡತೋಳನ್ನು ತೆರೆದು, ಬಲಗೈಯಿಂದ ತೋರಿಸುತ್ತಿರುವುದಕ್ಕೆ ಆಗ ಅರ್ಥ ಬಂತು. ಒಂದು ಗೆರೆಯೂ ಬದಲಾಗಲಿಲ್ಲ, ಚಿತ್ರವೇ ಬೇರೆಯಾಯಿತು.

ಗೆರೆ ಚೆನ್ನಾಗಿದ್ದರೆ ಸಾಕು, ಹೆಸರಿನ ಹಂಗೇಕೆ ಎನ್ನುವವರಿದ್ದಾರೆ. ಗೆರೆಯ ಬೆಲೆ ನನಗೂ ಗೊತ್ತು. ಹಳಬರು ಬಳಸುತ್ತಿದ್ದ ಕೆಂಪು ಬಳಪವೆಂದರೆ ಕಬ್ಬಿಣದ ಅಂಶ ಬೆರೆತ ಜೇಡಿ, ನಮ್ಮ ಜಾಜು. ಸಂಡೂರಿನ ಗುಡ್ಡಗಳಿಗೆ ಕೆಂಪು ಕೊಟ್ಟಿರುವುದೂ ಅದೇ ಕಬ್ಬಿಣ. ಆ ಬಳಪದಲ್ಲಿ ಕಣ್ಣಿನ ರೆಪ್ಪೆಯನ್ನು ತಿದ್ದಿ ತೀಡಿ, ಅಂಗಿಯನ್ನು ನಾಲ್ಕೇ ಗೆರೆಯಲ್ಲಿ ಮುಗಿಸಿ, ಕೆನ್ನೆಯ ಮೇಲಿನ ಬೆಳಕಿಗೆ ಒಂದಿಷ್ಟು ಬಿಳಿ ಮುಟ್ಟಿಸಿ, ಉಳಿದದ್ದನ್ನು ಕಾಗದದ ಬಣ್ಣಕ್ಕೇ ಬಿಡುವ ಕೈ ಸಾಮಾನ್ಯದ್ದಲ್ಲ. ಆದರೆ ಆ ರೆಪ್ಪೆ ಒಬ್ಬ ಮನುಷ್ಯನದು, ಆ ಮನುಷ್ಯನಿಗೊಂದು ಹೆಸರಿದೆ. ಹೆಸರಿನ ತೂಕ ತಿಳಿಯಲು ಸಿರುಗುಪ್ಪ ಸೀಮೆಯ ನಿಟ್ಟೂರಿನಲ್ಲಿ ಅಶೋಕನ ಶಾಸನವಿರುವ ಬಂಡೆಯನ್ನು ನೆನೆಯಿರಿ. ಅಶೋಕನ ಹೆಚ್ಚಿನ ಶಾಸನಗಳಲ್ಲಿ ಇರುವುದು ದೇವಾನಾಂಪ್ರಿಯ ಎಂಬ ಬಿರುದು. ಅಶೋಕ ಎಂಬ ಹೆಸರೇ ಇರುವ ಕೆಲವೇ ಶಾಸನಗಳಲ್ಲಿ ಮಸ್ಕಿಯದು ಒಂದು, ನಿಟ್ಟೂರಿನದು ಇನ್ನೊಂದು. ಚಕ್ರವರ್ತಿಯನ್ನು ಗುರುತಿಸಲೂ ಹೆಸರು ಬೇಕಾಯಿತು. ಹಾಗಿರುವಾಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ, ಸಿರುಗುಪ್ಪದ ಗದ್ದೆಯಲ್ಲಿ ಭತ್ತ ನಾಟಿ ಮಾಡುವವರ ಮುಖದ ಕೆಳಗೆ ‘ಕಾರ್ಮಿಕ’, ‘ಹಳ್ಳಿಯ ಹೆಂಗಸು’ ಎಂದಷ್ಟೇ ಬರೆದರೆ ಮುಂದಿನವರು ಯಾವ ದಾಖಲೆಯಲ್ಲಿ ಹುಡುಕಬೇಕು? ಹೆಸರು ಬೇಡವೆಂದು ಅವರೇ ಹೇಳಿದರೆ ಸರಿ, ಅದು ಅವರ ಹಕ್ಕು. ಕೇಳದೆಯೇ ಬಿಡುವುದು ತಪ್ಪು.

ಕಲಾವಿದರಲ್ಲಿ ನನ್ನ ವಿನಂತಿ ಇಷ್ಟೇ. ಕೂತವರ ಹೆಸರು, ಊರು, ಬರೆದ ವರ್ಷವನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಚಿತ್ರದ ಹಾಳೆಯ ಬೆನ್ನಿಗೆ ಒತ್ತಿ ಬರೆದರೆ ಮುಂಬದಿಯ ಪುಡಿ ಉದುರೀತು. ಹಿಂದಿನ ರಟ್ಟಿನ ಮೇಲೆ, ಚಿತ್ರ ಅಂಟಿಸುವ ಮೊದಲೇ ಬರೆಯಿರಿ. ಕೊಳ್ಳುವವರು ಹಣ ಕೊಡುವ ಮುಂಚೆ ಆ ರಟ್ಟನ್ನು ತಿರುಗಿಸಿ ನೋಡಿ. ಹೆಸರಿಲ್ಲದಿದ್ದರೆ ಕಲಾವಿದರನ್ನು ಕೇಳಿ, ಬರೆಸಿಕೊಂಡೇ ಮನೆಗೆ ಒಯ್ಯಿರಿ.