ಪಂಚತಂತ್ರದ ಮನೆಗೆ ಕರೆಯದೆ ಬಂದವಳು

ಭಾನುವಾರದ ರೈಲು ಮೆಗಾ ಬ್ಲಾಕಿಗೂ ಜಗ್ಗದೆ ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿಗಳಿಂದ ಮಾಟುಂಗಕ್ಕೆ ಬಂದಿರುವ ಗೆಳತಿಯರೇ, ಗೆಳೆಯರೇ,

ಹೆಣ್ಣುಮಕ್ಕಳ ಬರಹಗಳ ಈ ಪುಸ್ತಕ ಪ್ರದರ್ಶನವನ್ನು ಉದ್ಘಾಟಿಸಲು ಕರೆದಿದ್ದೀರಿ. ವೇದಿಕೆ ಹತ್ತುವ ಮೊದಲು ಒಳಗೆ ಒಂದು ಸುತ್ತು ಹಾಕಿ ಬಂದೆ. ಕವಿತೆಗೆ ಒಂದು ಮೇಜು, ಕಾದಂಬರಿಗೆ ಎರಡು, ಅನುವಾದಕ್ಕೆ ಒಂದು, ಮಕ್ಕಳ ಪುಸ್ತಕಗಳಿಗೆ ಒಂದು. ಕೊನೆಯಲ್ಲಿ, ಸ್ವಲ್ಪ ಮೂಲೆಗೆ ಸರಿದಂತೆ, ಕ್ವಿಯರ್ ಸಾಹಿತ್ಯಕ್ಕೆ ಒಂದು. ಮುಂಬಯಿಯ ಕನ್ನಡ ಸಭೆಯಲ್ಲಿ ಇಂಥದ್ದೊಂದು ಮೇಜು ಇದೆ ಎಂಬುದೇ ಸಂತೋಷ. ಅದರ ಮೇಲೆ ಸುನೀತಿ ನಾಮಜೋಶಿ ಎಂಬ ಲೇಖಕಿಯ ಪುಸ್ತಕಗಳನ್ನೆಲ್ಲ ಒಟ್ಟಿಗೆ ಪೇರಿಸಿಟ್ಟಿದ್ದಾರೆ. ಇವತ್ತು ಅವರ ಬಗ್ಗೆಯೇ ಮಾತಾಡುತ್ತೇನೆ. ನಡುವೆ ಆ ಮೇಜಿನ ವಿಚಾರವಾಗಿ ಸಂಘಟಕರ ಜೊತೆ ಸಣ್ಣದೊಂದು ಜಗಳವನ್ನೂ ಆಡುತ್ತೇನೆ. ಉದ್ಘಾಟಕರಿಗೆ ಅಷ್ಟು ಸಲಿಗೆ ಇರಬೇಕು.

ನಾಮಜೋಶಿ ಹುಟ್ಟಿದ್ದು ಇದೇ ಊರಿನಲ್ಲಿ, 1941ರಲ್ಲಿ. ತಾಯಿ ಫಲಟಣದ ನಾಯಿಕ ನಿಂಬಾಳಕರ ರಾಜಮನೆತನದವರು. ತಂದೆ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಟೆಸ್ಟ್ ಪೈಲಟ್. 1953ರಲ್ಲಿ ವಿಮಾನ ಬಿದ್ದು ತೀರಿಕೊಂಡರು. ಮಗಳಿಗಾಗ ಹನ್ನೆರಡರ ಆಸುಪಾಸು. ಆ ಸಾವು ಪುಸ್ತಕವಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. 1982ರ ‘ದಿ ಅಥೆಂಟಿಕ್ ಲೈ’ ಕವಿತೆಗಳಲ್ಲಿ ಅದು ಬಂತು. ರಿಷಿ ವ್ಯಾಲಿಯಲ್ಲಿ ಓದು, ಅರವತ್ತರ ದಶಕದಲ್ಲಿ ಐಎಎಸ್ ಅಧಿಕಾರ. ಅದೇ ದಶಕದಲ್ಲಿ ತಾಯಿಯೊಂದಿಗೆ ಕೂತು ಮರಾಠಿಯ ಗೋವಿಂದಾಗ್ರಜರ ಕವಿತೆಗಳನ್ನು ಇಂಗ್ಲಿಷಿಗೆ ತಂದರು. ಗೋವಿಂದಾಗ್ರಜ ಎಂದರೆ ಬೇರೆ ಯಾರೂ ಅಲ್ಲ, ಠಾಣೆಯ ಗಡಕರಿ ರಂಗಾಯತನ ಯಾರ ಹೆಸರನ್ನು ಹೊತ್ತಿದೆಯೋ ಆ ರಾಮ ಗಣೇಶ ಗಡಕರಿ. ಆಮೇಲೆ ಅಧಿಕಾರ ಬಿಟ್ಟರು, ದೇಶವನ್ನೂ ಬಿಟ್ಟರು. ಮಾಂಟ್ರಿಯಲ್‌ನಲ್ಲಿ ಎಜ್ರಾ ಪೌಂಡ್ ಮೇಲೆ ಪಿಎಚ್‌.ಡಿ., 1972ರಿಂದ ಟೊರಾಂಟೊದಲ್ಲಿ ಪಾಠ, ಎಂಬತ್ತರ ದಶಕದ ಕೊನೆಯಿಂದ ಇಂಗ್ಲೆಂಡಿನ ಡೆವನ್‌ನಲ್ಲಿ ವಾಸ. ಎಪ್ಪತ್ತರ ದಶಕದ ಕೊನೆಗೆ ರಜೆ ಹಾಕಿ ಇಂಗ್ಲೆಂಡಿಗೆ ಹೋಗಿದ್ದಾಗ ಸ್ತ್ರೀವಾದಿ ಚಳವಳಿಯೂ ಸಲಿಂಗಿಗಳ ವಿಮೋಚನಾ ಚಳವಳಿಯೂ ಅವರಿಗೆ ಹತ್ತಿರದಿಂದ ಪರಿಚಯವಾದವು. ತಾನು ಲೆಸ್ಬಿಯನ್ ಎಂಬುದನ್ನು ಬರಹದ ಒಳಗೇ, ಮುಚ್ಚುಮರೆಯಿಲ್ಲದೆ ತಂದ ಮೊದಲ ಭಾರತೀಯ ಇಂಗ್ಲಿಷ್ ಲೇಖಕಿಯರಲ್ಲಿ ಅವರೊಬ್ಬರು.

1981ರಲ್ಲಿ ಲಂಡನ್ನಿನ ಶೀಬಾ ಎಂಬ ಪುಟ್ಟ ಮಹಿಳಾ ಪ್ರಕಾಶನ ‘ಫೆಮಿನಿಸ್ಟ್ ಫೇಬಲ್ಸ್’ ಪ್ರಕಟಿಸಿತು. ಅರ್ಧ ಪುಟ, ಒಂದು ಪುಟದ ಕಥೆಗಳು. ಪಂಚತಂತ್ರ, ಈಸೋಪ, ಯುರೋಪಿನ ಅಜ್ಜಿಕಥೆಗಳು ಎಲ್ಲವೂ ಅಲ್ಲಿವೆ, ಆದರೆ ಯಾವುದೂ ನಾವು ಬಿಟ್ಟ ಜಾಗದಲ್ಲಿಲ್ಲ. ಒಂದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಾಶಿಯ ಬಡ ಬ್ರಾಹ್ಮಣನೊಬ್ಬ ಗಂಡುಮಗು ಬೇಕೆಂದು ವಿಷ್ಣುವನ್ನು ಬೇಡುತ್ತಾನೆ. ದೇವರು ಅದ್ಯಾವ ಧ್ಯಾನದಲ್ಲಿದ್ದನೋ, ಹೆಣ್ಣು ಕೊಡುತ್ತಾನೆ. ಇರಲಿ ಎಂದು ಅಪ್ಪ ಮಗಳಿಗೆ ತನ್ನ ವಿದ್ಯೆಯನ್ನೆಲ್ಲ ಕಲಿಸುತ್ತಾನೆ. ಇಬ್ಬರೂ ತಪಸ್ಸಿಗೆ ಕೂರುತ್ತಾರೆ, ದೇವರು ಮತ್ತೆ ಬರುತ್ತಾನೆ. ಅಪ್ಪನ ಬಾಯಿಂದ ಹಳೆಯ ಆಸೆಯೇ ಹೊರಬೀಳುತ್ತದೆ: ಗಂಡುಮಗು. ಆಗಲಿ, ಮುಂದಿನ ಜನ್ಮಕ್ಕೆ, ಎನ್ನುತ್ತಾನೆ ದೇವರು. ಮುಂದಿನ ಜನ್ಮದಲ್ಲಿ ಆ ಬ್ರಾಹ್ಮಣ ಹೆಂಗಸಾಗಿ ಹುಟ್ಟಿ ಎಂಟು ಗಂಡುಮಕ್ಕಳನ್ನು ಹೆರುತ್ತಾನೆ. ಮಗಳು ಕೇಳುವುದು ಬೇರೆ: ನನ್ನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸು. ಇದು ಕಷ್ಟದ ಕೆಲಸ ಎಂದು ದೇವರು ಅತ್ತಿತ್ತ ನೋಡಿ ಒಂದು ಆಯೋಗ ನೇಮಿಸುತ್ತಾನೆ.

ನೀವು ನಗುತ್ತಿದ್ದೀರಿ. ಇಲ್ಲಿನ ಸಚಿವಾಲಯದ, ಅಂದರೆ ಮಂತ್ರಾಲಯದ, ಮೆಟ್ಟಿಲು ಹತ್ತಿ ಇಳಿದವರು ಇನ್ನೂ ಜೋರಾಗಿ ನಗುತ್ತಿದ್ದೀರಿ. ಫೈಲು ಹೇಗೆ ಮಲಗುತ್ತದೆ ಎಂದು ಒಳಗಿದ್ದು ಕಂಡವರಿಗೆ ಮಾತ್ರ ಬರುವ ಸಾಲು ಅದು.

ಇಲ್ಲಿ ಕನ್ನಡದವರಾದ ನಮಗೆ ಒಂದು ಹಳೆಯ ನಂಟು ಇದೆ. ಕ್ರಿ.ಶ. 1031ರ ಹೊತ್ತಿಗೆ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನೂ ಅಧಿಕಾರಿಯೇ. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ-ಒಪ್ಪಂದಗಳ ಮಂತ್ರಿ. ರಾಜರು ಮಾಡುವುದನ್ನೆಲ್ಲ ಹತ್ತಿರದಿಂದ ನೋಡಿದವನು ಸಿಂಹ, ನರಿ, ಎತ್ತುಗಳ ಬಾಯಲ್ಲಿ ರಾಜನೀತಿ ಹೇಳಿಸಿದ. ಸಾವಿರ ವರ್ಷದ ಹತ್ತಿರ ಬಂದ ಮೇಲೆ ಇನ್ನೊಬ್ಬ ಮಾಜಿ ಅಧಿಕಾರಿ ಅದೇ ಮನೆಗೆ ಕರೆಯದೆ ಬಂದು ಕೂತಳು. ಆ ಮನೆಯ ನೀತಿಯೆಲ್ಲ ಗಂಡುಮಕ್ಕಳಿಗೆ ಹೇಳಿದ್ದು ಎಂಬುದನ್ನು ಅವಳು ಗಮನಿಸಿದಳು. ಮೂರು ಮೂರ್ಖ ರಾಜಕುಮಾರರಿಗೆ ಬುದ್ಧಿ ಕಲಿಸಲು ಹುಟ್ಟಿದ ಪುಸ್ತಕವಲ್ಲವೇ ಅದು? ರಾಜಕುಮಾರಿಯರು ಮೂರ್ಖರೋ ಜಾಣೆಯರೋ ಎಂದು ವಿಷ್ಣುಶರ್ಮನನ್ನು ಯಾರೂ ಕೇಳಿರಲಿಲ್ಲ.

ಪ್ರಾಣಿಗಳೇ ಏಕೆ? ಇದಕ್ಕೆ ನಾಮಜೋಶಿಯವರ ಬರಹದಲ್ಲೇ ಉತ್ತರ ಸಿಗುತ್ತದೆ. ಅವರು ಓದಿ ಪಾಠ ಮಾಡಿದ ಪಾಶ್ಚಾತ್ಯ ಸಾಹಿತ್ಯದಲ್ಲಿ ‘ನಾನು’ ಎಂದು ಮಾತಾಡುವ ಮನುಷ್ಯ ಗಂಡು, ಬಿಳಿಯ, ಹೆಣ್ಣನ್ನು ಪ್ರೀತಿಸುವವ. ಆ ಜಾಗದಲ್ಲಿ ಕೂರಲು ಅವರಿಗೆ ಆಗಲಿಲ್ಲ. ಆದರೆ ಕತ್ತೆಗೋ ಹಸುವಿಗೋ ಆತ್ಮವಿದೆ, ಮಾತೂ ಬರುತ್ತದೆ ಎಂದು ನಂಬುವ ಮನೆಯಲ್ಲಿ ಅವರು ಬೆಳೆದಿದ್ದರು. ಮನುಷ್ಯರ ಸಾಲಿನಲ್ಲಿ ಜಾಗವಿಲ್ಲದಿದ್ದರೆ ಪ್ರಾಣಿಯಾಗಿಯೇ ಮಾತಾಡೋಣ ಎಂದರು. ‘ದಿ ಬ್ಲೂ ಡಾಂಕಿ ಫೇಬಲ್ಸ್’ನಲ್ಲಿ ಒಂದು ಕೆಂಪು ಸೇತುವೆ, ಅದರ ಪಕ್ಕ ಒಂದು ನೀಲಿ ಕತ್ತೆ. ಬಣ್ಣಕ್ಕೆ ಬಣ್ಣ ಹೊಂದುವುದಿಲ್ಲ, ಬೆಳ್ಳಗಾಗು, ಇಲ್ಲವೇ ಜಾಗ ಖಾಲಿ ಮಾಡು ಎಂದು ಊರಿನ ನಗರಸೇವಕರು ಅಪ್ಪಣೆ ಮಾಡುತ್ತಾರೆ. ಕತ್ತೆ ಎರಡಕ್ಕೂ ಒಪ್ಪುವುದಿಲ್ಲ. ನಮ್ಮ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಆಗಿದ್ದರೆ ಸೇತುವೆಗೆ ಮೊದಲು ಟೆಂಡರ್ ಕರೆಯುತ್ತಿದ್ದರು, ಆ ಮಾತು ಬಿಡಿ.

1985ರ ‘ದಿ ಕಾನ್ವರ್ಸೇಷನ್ಸ್ ಆಫ್ ಕೌ’ ಇನ್ನೂ ತುಂಟ ಪುಸ್ತಕ. ಸುನೀತಿ ಎಂಬ ಹೆಸರಿನದೇ ಒಬ್ಬ ಅಧ್ಯಾಪಕಿಗೆ ಒಂದು ಹಸು ಎದುರಾಗುತ್ತದೆ. ಬ್ರಾಹ್ಮಣ ಹಸು, ಲೆಸ್ಬಿಯನ್ ಹಸು, ಹೆಸರು ಭದ್ರಾವತಿ. ಹೆಸರು ಕೇಳಿದ್ದೇ ನಮಗೆ ಉಕ್ಕಿನ ಕಾರ್ಖಾನೆ ನೆನಪಾಗುತ್ತದೆ, ಏನು ಮಾಡೋಣ! ಈ ಭದ್ರಾವತಿ ಒಮ್ಮೆ ಹಸು, ಒಮ್ಮೆ ಬಿಳಿಯ ಗಂಡಸು, ಇನ್ನೊಮ್ಮೆ ಮತ್ತೇನೋ. ಅವಳ ಜೊತೆ ನಡೆದಾಡುವ ಸುನೀತಿಗೆ ತನ್ನ ಜಾತಿ, ಬಣ್ಣ, ಲಿಂಗ, ತನ್ನ ರಾಜಕೀಯ ಕೂಡ ಸಡಿಲವಾಗುತ್ತ ಹೋಗುತ್ತದೆ. ಗಂಡಸರಿಂದ ದೂರ ಇರಬೇಕೆಂಬ ಲೆಸ್ಬಿಯನ್ ಪ್ರತ್ಯೇಕತಾವಾದಿ ಅವಳು; ಆ ವಾದವನ್ನೂ ಲೇಖಕಿ ಗೇಲಿ ಮಾಡದೆ ಬಿಡುವುದಿಲ್ಲ. ಪುಣ್ಯಕೋಟಿಯ ಮಾತಿಗೆ ಕಣ್ಣೀರು ಹಾಕುತ್ತ ಬೆಳೆದ ನಾವು ಭದ್ರಾವತಿಯ ಮಾತಿಗೆ ಗಲಿಬಿಲಿಗೊಳ್ಳುವ ಅಗತ್ಯವಿಲ್ಲ. ಹಸು ಮಾತಾಡುತ್ತದೆ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ನಿನ ವಿಮರ್ಶಕರಿಗಿಂತ ನಾವು ಅವರಿಗೆ ಹತ್ತಿರದ ಓದುಗರು.

ಈಗ ಮೇಜಿನ ಜಗಳ. ಇವರನ್ನು ಕ್ವಿಯರ್ ಮೇಜಿನ ಮೇಲೆ ಮಾತ್ರ ಇಡುವುದಕ್ಕೆ ನನ್ನ ತಕರಾರಿದೆ. ಆದರೆ ಆ ಮೇಜೇ ಬೇಡ ಎನ್ನುವವರೊಂದಿಗೆ ನನ್ನ ಜಗಳ ಇನ್ನೂ ದೊಡ್ಡದು. ಅದಕ್ಕೆ ಕಾರಣ ಇತಿಹಾಸದಲ್ಲಿದೆ. 1921ರಲ್ಲಿ ಬ್ರಿಟನ್ನಿನಲ್ಲಿ ಹೆಣ್ಣು-ಹೆಣ್ಣಿನ ಸಂಬಂಧವನ್ನೂ ಅಪರಾಧವಾಗಿಸುವ ಪ್ರಸ್ತಾಪ ಬಂದಾಗ ಲಾರ್ಡ್ಸ್ ಸಭೆ ತಳ್ಳಿಹಾಕಿತು. ಉದಾರ ಮನಸ್ಸಿನಿಂದಲ್ಲ, ಕಾನೂನು ಮಾಡಿದರೆ ಇಂಥದ್ದೊಂದು ಉಂಟೆಂದು ಗೊತ್ತಿಲ್ಲದ ಹೆಂಗಸರಿಗೂ ಗೊತ್ತಾದೀತು ಎಂದು ಅಂಜಿ. 1928ರಲ್ಲಿ ರ‍್ಯಾಡ್‌ಕ್ಲಿಫ್ ಹಾಲ್ ಅವರ ‘ದಿ ವೆಲ್ ಆಫ್ ಲೋನ್ಲಿನೆಸ್’ ಕಾದಂಬರಿಯ ಪ್ರತಿಗಳನ್ನು ನಾಶಮಾಡಲು ಲಂಡನ್ನಿನ ನ್ಯಾಯಾಲಯ ಆದೇಶಿಸಿತು. ನಾಮಜೋಶಿ ಇಂಗ್ಲೆಂಡಿಗೆ ಹೋಗಿ ನೆಲೆಸುವ ಹೊತ್ತಿಗೆ, 1988ರಲ್ಲಿ, ಅಲ್ಲಿನ ಸರ್ಕಾರ 28ನೇ ಕಲಂ ತಂದಿತು: ಸ್ಥಳೀಯ ಸಂಸ್ಥೆಗಳು ಸಲಿಂಗ ಪ್ರೇಮವನ್ನು ‘ಪ್ರೋತ್ಸಾಹಿಸ’ಕೂಡದು. ಇಂಗ್ಲೆಂಡಿನಲ್ಲಿ ಅದು ರದ್ದಾದದ್ದು 2003ರಲ್ಲಿ. ಇಂಥ ಕಾಲದಲ್ಲಿ ದೊಡ್ಡ ಪ್ರಕಾಶಕರನ್ನು ಕಾಯುತ್ತ ಕೂತಿದ್ದರೆ ಈ ಪುಸ್ತಕಗಳು ಬರುತ್ತಿರಲಿಲ್ಲ. ಶೀಬಾ, ಓನ್ಲಿವಿಮೆನ್, ಇಸ್ತ್ರಿ ಪೆಟ್ಟಿಗೆಯನ್ನೇ ಲಾಂಛನ ಮಾಡಿಕೊಂಡ ವಿಮೆನ್ಸ್ ಪ್ರೆಸ್, ಇವರೆಲ್ಲ ತಮ್ಮದೇ ಮೇಜು ಹಾಕಿಕೊಂಡದ್ದರಿಂದ ಬಂದವು. ನಾಮಜೋಶಿಯವರ ಹೋರಾಟದ ದೊಡ್ಡ ಪಾಲು ಅಲ್ಲೇ ನಡೆಯಿತು. ಸಂಗಾತಿ, ಕವಯಿತ್ರಿ ಜಿಲಿಯನ್ ಹ್ಯಾನ್ಸ್‌ಕೂಂಬ್ ಜೊತೆ 1986ರಲ್ಲಿ ಬರೆದ ‘ಫ್ಲೆಶ್ ಆ್ಯಂಡ್ ಪೇಪರ್’ನಲ್ಲಿ ಇಬ್ಬರು ಹೆಂಗಸರು ಕವಿತೆಗೆ ಕವಿತೆಯಲ್ಲೇ ಉತ್ತರ ಕೊಡುತ್ತಾರೆ. ಇಂಥ ಪ್ರೀತಿಯನ್ನು ಬೆಳಕಿನಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತ ಬರೆಯುವುದು ಆಗ ಸಣ್ಣ ಧೈರ್ಯವಲ್ಲ.

ನಮ್ಮ ಊರೇನು ಕಡಿಮೆಯೇ? 1942ರಲ್ಲಿ ಹೆಣ್ಣು-ಹೆಣ್ಣಿನ ಬಯಕೆಯ ಉರ್ದು ಕಥೆ ‘ಲಿಹಾಫ್’ ಬರೆದ ಇಸ್ಮತ್ ಚುಗ್ತಾಯಿ ಅವರಿಗೆ ಅಶ್ಲೀಲತೆಯ ಮೊಕದ್ದಮೆಯ ಸಮನ್ಸ್ ಬಂದದ್ದು ಮುಂಬಯಿಯ ಮನೆಗೆ. ಲೇಖಕ ಮಂಟೋ ಜೊತೆ ಲಾಹೋರಿಗೆ ಹೋಗಿ ಕಟಕಟೆ ಹತ್ತಿದರು, ಗೆದ್ದು ಬಂದರು. 1981ರಲ್ಲಿ, ಅಂದರೆ ‘ಫೆಮಿನಿಸ್ಟ್ ಫೇಬಲ್ಸ್’ ಬಂದ ವರ್ಷವೇ, ವಿಜಯ ತೆಂಡೂಲ್ಕರ್ ಅವರ ‘ಮಿತ್ರಾಚಿ ಗೋಷ್ಟ’ ಮರಾಠಿ ರಂಗಕ್ಕೆ ಬಂತು. ಹೆಣ್ಣನ್ನು ಪ್ರೀತಿಸುವ ಮಿತ್ರಾ ಆಗಿ ರೋಹಿಣಿ ಹಟ್ಟಂಗಡಿ ನಟಿಸಿದ್ದರು. ದೊಡ್ಡ ನಾಟಕ, ಅನುಮಾನವಿಲ್ಲ. ಆದರೆ ಅದರ ಕೊನೆಗೆ ಮಿತ್ರಾ ಸಾಯುತ್ತಾಳೆ. ಆ ಕಾಲದ ಗಂಡು ಲೇಖಕರಿಗೆ, ಎಷ್ಟೇ ಸಹಾನುಭೂತಿಯಿದ್ದರೂ, ಅವಳನ್ನು ಬದುಕಿಸುವ ದಾರಿ ಕಾಣಲಿಲ್ಲ. ಅದೇ ವರ್ಷ ನಾಮಜೋಶಿಯವರ ಹೆಂಗಸರು, ಹಕ್ಕಿಗಳು, ಕೋತಿಗಳು ಸಾಯುವ ಗೋಜಿಗೆ ಹೋಗದೆ ನಗುತ್ತಿದ್ದವು. ನನಗೆ ಇವರು ಮುಖ್ಯರಾಗುವುದು ಇಲ್ಲಿ.

1998ರ ಡಿಸೆಂಬರ್ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಇಬ್ಬರು ಹೆಂಗಸರ ಪ್ರೀತಿಯ ‘ಫೈರ್’ ಚಿತ್ರವನ್ನು ವಿರೋಧಿಸಿ ಗೋರೆಗಾಂವ್‌ನ ಸಿನಿಮ್ಯಾಕ್ಸ್‌ನಲ್ಲಿ ಗಾಜು ಒಡೆದರು, ಪ್ರದರ್ಶನ ನಿಂತಿತು. ಅದಕ್ಕೆ ಮೂರು ವರ್ಷ ಮೊದಲೇ, 1995ರಲ್ಲಿ, ಈ ನಗರದಲ್ಲಿ ಲೆಸ್ಬಿಯನ್ ಮತ್ತು ದ್ವಿಲಿಂಗಾಸಕ್ತ ಹೆಂಗಸರು ಸೇರಿ ಸ್ತ್ರೀ ಸಂಗಮ ಎಂಬ ಗುಂಪು ಕಟ್ಟಿದ್ದರು. ಮುಂದೆ ಅದು ಲೇಬಿಯಾ ಆಯಿತು. ‘ಸ್ಕ್ರಿಪ್ಟ್ಸ್’ ಎಂಬ ಪತ್ರಿಕೆಯನ್ನೂ ಅವರು ತಂದರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧಗಳ ಮಟ್ಟಿಗೆ ಬಿದ್ದುಹೋದಾಗ ವಕೀಲರ ಹೆಸರುಗಳನ್ನು ಪತ್ರಿಕೆಗಳಲ್ಲಿ ಓದಿದೆವು. ಮನೆಯವರಿಗೆ ಹೆದರಿ ಲೋಕಲ್ ರೈಲು ಹತ್ತಿ ಇಂಥ ಗುಂಪುಗಳ ಸಭೆಗಳಿಗೆ ಬರುತ್ತಿದ್ದ ಹುಡುಗಿಯರನ್ನೂ ನೆನೆಯಬೇಕು.

ಆದ್ದರಿಂದ ಮೇಜು ಇರಲಿ. ಆದರೆ ಸಂಘಟಕರೇ, ಪ್ರತಿಗಳು ಸಾಕಷ್ಟಿವೆಯಲ್ಲ? ನಾಮಜೋಶಿಯವರ ‘ಅದಿತಿ’ ಸರಣಿಯನ್ನು ಮಕ್ಕಳ ಮೇಜಿಗೆ ಒಯ್ಯಿರಿ. ಸಿರಿಲ್ ಎಂಬ ಇರುವೆ, ಒಂದು ಸುಂದರಿ ಆನೆ, ಒಕ್ಕಣ್ಣಿನ ಕೋತಿ, ಇವುಗಳ ಜೊತೆ ಸಾಹಸಕ್ಕೆ ಹೊರಡುವ ಹುಡುಗಿಯನ್ನು ದೊಡ್ಡವರ ಮೂಲೆಯಲ್ಲಿ ಕೂರಿಸುವುದು ನ್ಯಾಯವೇ? ಗೋವಿಂದಾಗ್ರಜರನ್ನು ಅನುವಾದದ ಮೇಜಿಗೆ, ಫೇಬಲ್‌ಗಳನ್ನು ದುರ್ಗಸಿಂಹನ ಪಕ್ಕಕ್ಕೆ. ಹುಡುಕಿಕೊಂಡು ಬಂದವಳಿಗೆ ಮೂಲೆಯ ಮೇಜಿನಲ್ಲೂ ಸಿಗಲಿ, ಹುಡುಕದವರಿಗೆ ದಾರಿಯಲ್ಲೇ ಎಡತಾಕಲಿ.

ರಾಜಮನೆತನದ ಹುಡುಗಿ, ಐಎಎಸ್, ವಿದೇಶ. ಇವರಿಗೆ ಇದೆಲ್ಲ ಸುಲಭ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದಂತಿದೆ. ನಿಜ, ಬಿಟ್ಟು ಹೋಗಲು ಎಲ್ಲರಿಗೂ ದಾರಿ ಇರುವುದಿಲ್ಲ. ಆ ಮಾತನ್ನು ಅವರೇ ಎತ್ತಿಕೊಂಡಿದ್ದಾರೆ. 2000ದಲ್ಲಿ ಬಂದ ‘ಗೋಜಾ’ ಓದಿ. ಗೋಜಾ ಆ ದೊಡ್ಡ ಮನೆಯ ಆಳು ಹೆಂಗಸು. ಗೋಲ್ಡಿ ಎಂದರೆ ಅಜ್ಜಿ, ರಾಣಿ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇಬ್ಬರ ಪ್ರೀತಿಯನ್ನೂ ಉಂಡ ಮೊಮ್ಮಗಳು ಲೆಕ್ಕ ಕೊಡಲು ಹೊರಡುತ್ತಾಳೆ. ಲೆಕ್ಕ ಸರಿಹೋಗುವುದಿಲ್ಲ. ಪುಸ್ತಕದ ಗಟ್ಟಿತನ ಇರುವುದೇ ಅದರಲ್ಲಿ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಪುಸ್ತಕ ಇದು, ಹೆಚ್ಚು ಹೆಸರಾದ ಫೇಬಲ್‌ಗಳಲ್ಲ.

ಕನ್ನಡಕ್ಕೆ 2013ರಲ್ಲಿ ವಸುಧೇಂದ್ರರು ‘ಮೋಹನಸ್ವಾಮಿ’ ಕೊಟ್ಟರು. ಗಂಡು ಗಂಡನ್ನು ಪ್ರೀತಿಸುವ ಕಥೆಯನ್ನು ಮನೆಮನೆಯ ಓದುಗರು ಓದಿದರು. ಹೆಣ್ಣಿನ ಕಡೆಯಿಂದ ಅಷ್ಟೇ ನೇರವಾದ ಬರಹ ನಮ್ಮಲ್ಲಿ ಇನ್ನೂ ತೆಳುವಾಗಿದೆ. ಅದನ್ನು ಬರೆಯುವವರು ಬರೆಯುತ್ತಾರೆ. ಅಲ್ಲಿಯವರೆಗೆ ಅನುವಾದ ಮಾಡಬಹುದಲ್ಲ? ಅದಕ್ಕೆ ಮುಂಬಯಿ ಕನ್ನಡಿಗರಿಗಿಂತ ತಕ್ಕವರು ಯಾರು? ಇಂಗ್ಲಿಷಿನಲ್ಲಿ ಬರೆದರೂ ಈ ಲೇಖಕಿಯ ಬಾಲ್ಯ ಮರಾಠಿ ಮನೆಯದು. ತರಕಾರಿಯನ್ನು ಮರಾಠಿಯಲ್ಲಿ ಕೊಂಡು, ಆಫೀಸಿನಲ್ಲಿ ಇಂಗ್ಲಿಷ್ ಬರೆದು, ಮನೆಗೆ ಬಂದು ಕನ್ನಡದಲ್ಲಿ ಬೈಯುವವರು ನಾವು. ಠಾಣೆಯಿಂದ ದಾದರ್ ಮುಟ್ಟುವಷ್ಟರಲ್ಲಿ, ಕೂರಲು ಸೀಟು ಸಿಕ್ಕರೆ, ಒಂದು ಫೇಬಲ್ ಕನ್ನಡವಾಗುತ್ತದೆ. ಇಲ್ಲಿ ಕೂತಿರುವ ಲೇಖಕಿಯರು ಹತ್ತು ಹತ್ತು ಹಂಚಿಕೊಂಡರೆ ಮುಂದಿನ ಪ್ರದರ್ಶನಕ್ಕೆ ಒಂದು ಪುಸ್ತಕವೇ ಸಿದ್ಧವಾದೀತು. ಹಕ್ಕುಗಳ ಪತ್ರವ್ಯವಹಾರ ಬೇಗ ಶುರುಮಾಡಿ, ಅದಕ್ಕೆ ಆಯೋಗ ನೇಮಿಸಬೇಡಿ.

ಯಾವುದರಿಂದ ಶುರುಮಾಡಬೇಕೆಂದು ಕೇಳುವವರು ಜುಬಾನ್ ಪ್ರಕಾಶನ 2012ರಲ್ಲಿ ತಂದ ‘ದಿ ಫ್ಯಾಬ್ಯುಲಸ್ ಫೆಮಿನಿಸ್ಟ್’ ಆಯ್ಕೆಯನ್ನು ಕೊಳ್ಳಿರಿ, ಎಲ್ಲದರ ರುಚಿಯೂ ಅದರಲ್ಲಿದೆ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಘೋಷಿಸುತ್ತೇನೆ. ಊಟದ ಸಾಲು ಉದ್ದವಾಗುವ ಮೊದಲು ಪುಸ್ತಕ ನೋಡಿಬಿಡಿ.