ಅಡ್ಮಿನ್ ಪಾಸ್‌ವರ್ಡ್ ಮತ್ತು ಹೋದ ನೌಕರಿ



ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಈಗ ಕಂಪ್ಯೂಟರಿನ ಒಪ್ಪಿಗೆ ಇಲ್ಲದೆ ಒಂದು ಚೀಲವೂ ಗೇಟು ದಾಟುವುದಿಲ್ಲ. ಲಾರಿ ಕಾಟಾದ ಮೇಲೆ ನಿಂತ ಕೂಡಲೇ ತೂಕ ಸರ್ವರಿಗೆ ಹೋಗುತ್ತದೆ. ಬಿಲ್ಲು, ಗೇಟ್ ಪಾಸು, ಕಾರ್ಮಿಕರ ಹಾಜರಿ ಎಲ್ಲವೂ ಅದೇ ಸರ್ವರಿನಲ್ಲಿ. ಚಿತ್ತಾಪುರ, ಚಿಂಚೋಳಿ, ಶಹಾಬಾದಿನ ಸರ್ಕಾರಿ ಕಚೇರಿಗಳ ಕೆಲಸವೂ ಈಗ ಹೀಗೆಯೇ. ಇದನ್ನೆಲ್ಲ ನಡೆಸಿಕೊಂಡು ಹೋಗುವವರು ಒಬ್ಬಿಬ್ಬರು ನೆಟ್‌ವರ್ಕ್ ಅಡ್ಮಿನ್‌ಗಳು. ಎಷ್ಟೋ ಕಡೆ ಅವರು ಕಂಪನಿಯ ನೌಕರರೂ ಅಲ್ಲ, ಗುತ್ತಿಗೆದಾರನ ಕಡೆಯವರು. ಅಂಥವರೊಬ್ಬರಿಗೆ ಒಂದು ದಿನ, "ನಿಮ್ಮ ಲಾಗಿನ್‌ನಿಂದ ದಾಖಲೆ ತಿದ್ದಿದ್ದಾರೆ, ನಾಳೆಯಿಂದ ಬರಬೇಡಿ" ಎಂದು ಹೇಳಿದರು ಅನ್ನಿ. ಆ ಮಾತಿನಲ್ಲಿ ಸಾಬೀತಾದದ್ದು ಎಷ್ಟು, ಬರೀ ಊಹೆ ಎಷ್ಟು? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಸರ್ವರ್ ತನ್ನಷ್ಟಕ್ಕೆ ಒಂದು ದಿನಚರಿ ಬರೆದುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಯಾವ ಖಾತೆಯಿಂದ, ಯಾವ ಹೊತ್ತಿಗೆ, ಯಾವ ಐಪಿ ವಿಳಾಸದಿಂದ, ಅಂದರೆ ನೆಟ್‌ವರ್ಕಿನಲ್ಲಿ ಯಂತ್ರಕ್ಕೆ ಸಿಕ್ಕ ಯಾವ ಗುರುತಿನ ಸಂಖ್ಯೆಯಿಂದ, ಒಳಗೆ ಬಂದರು ಎನ್ನುವುದು ಅದರಲ್ಲಿರುತ್ತದೆ. ಕೀಲಿಮಣೆಯ ಮುಂದೆ ಕೂತಿದ್ದವರು ಯಾರು ಎಂಬುದು ಅದರಲ್ಲಿ ಇರುವುದಿಲ್ಲ. ಸಾಲದ್ದಕ್ಕೆ ನಮ್ಮ ಕಚೇರಿಗಳಲ್ಲಿ 'ಅಡ್ಮಿನ್' ಎಂಬ ಒಂದೇ ಖಾತೆ, ಅದಕ್ಕೊಂದೇ ಪಾಸ್‌ವರ್ಡ್ ಇಟ್ಟುಕೊಂಡು ನಾಲ್ಕು ಜನ ಬಳಸುವುದು ರೂಢಿ. ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟು ಹೋದ ಬೀಗದ ಕೈಯ ಹಾಗೆ ಅದು ಎಲ್ಲರಿಗೂ ಗೊತ್ತು. ಬೀಗ ತೆರೆದದ್ದು ನಿಜವಿರಬಹುದು, ತೆರೆದವರು ಇವರೇ ಎನ್ನಲು ಅಷ್ಟೇ ಸಾಲದು.

ಇನ್ನು ಹೊತ್ತಿನ ಮಾತು. ಅನೇಕ ಸರ್ವರುಗಳು ಲಾಗನ್ನು ಭಾರತೀಯ ಕಾಲಮಾನದಲ್ಲಿ ಬರೆಯುವುದಿಲ್ಲ, ಜಾಗತಿಕ ಕಾಲಮಾನದಲ್ಲಿ ಬರೆಯುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಪಾಳಿಯವರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಲಾಗಿನಲ್ಲಿ 21:10 ಎಂದಿದೆ. ಅದನ್ನು ಹಾಗೆಯೇ ಓದಿದರೆ ಅವರು ಡ್ಯೂಟಿಯಲ್ಲಿದ್ದಾಗಲೇ ಕೆಲಸ ನಡೆದಿದೆ. ಐದೂವರೆ ಗಂಟೆ ಸೇರಿಸಿ ಓದಿದರೆ ಅದು ನಡುರಾತ್ರಿ ದಾಟಿ 2:40. ಆಗ ಅವರು ಮನೆಯಲ್ಲಿ ಮಲಗಿದ್ದಾರೆ, ಕಾರ್ಖಾನೆಯಲ್ಲಿರುವುದು ರಾತ್ರಿ ಪಾಳಿಯವರು. ಗೇಟಿನ ಹಾಜರಿಯನ್ನೂ ಲಾಗನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿ. ನೋಡುವ ತಾಳ್ಮೆ ಬೇಕಷ್ಟೆ.

ಐಪಿ ವಿಳಾಸವೂ ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. ಇವತ್ತು ಒಂದು ಯಂತ್ರಕ್ಕೆ ಸಿಕ್ಕ ವಿಳಾಸ ನಾಳೆ ಇನ್ನೊಂದಕ್ಕೆ ಹೋಗುತ್ತದೆ. ಹಾಗಾಗಿ ವಿಳಾಸದ ಜೊತೆ ನಿಖರವಾದ ಹೊತ್ತೂ ಸೇರಬೇಕು. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆಯ ಪೊಲೀಸರು ಹಿಡಿದುಕೊಂಡು ಹೋದರು. ಆರ್ಕುಟ್ ಜಾಲತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪ. ಇಂಟರ್‌ನೆಟ್ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಅದು ಬಯಲಾಗುವ ಹೊತ್ತಿಗೆ ಆ ನಿರಪರಾಧಿ ಸುಮಾರು 50 ದಿನ ಜೈಲಿನಲ್ಲಿ ಕಳೆದಿದ್ದರು.

ಗಡಿಯಾರದ ಗೊಂದಲಕ್ಕೆ ಈಗ ಸ್ವಲ್ಪ ಮಟ್ಟಿಗೆ ಸರ್ಕಾರಿ ಮದ್ದು ಬಂದಿದೆ. ಕೇಂದ್ರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳೂ ಸರ್ಕಾರಿ ಕಚೇರಿಗಳೂ ತಮ್ಮ ಯಂತ್ರಗಳ ಗಡಿಯಾರವನ್ನು ಅಧಿಕೃತ ಕಾಲಮಾನಕ್ಕೆ ಹೊಂದಿಸಬೇಕು, ಲಾಗುಗಳನ್ನು 180 ದಿನ ಜೋಪಾನ ಮಾಡಬೇಕು. ಕೆಲಸ ಕಳೆದುಕೊಂಡವರು ಈ 180 ಎಂಬ ಅಂಕಿಯನ್ನು ಬರೆದಿಟ್ಟುಕೊಳ್ಳಲಿ. ಆರು ತಿಂಗಳಾದ ಮೇಲೆ ಲಾಗ್ ಕೇಳಿದರೆ ಅಳಿಸಿಹೋಯಿತು ಎಂಬ ಉತ್ತರ ಬಂದೀತು. ಮೊದಲ ವಾರದಲ್ಲೇ, "ಇಂಥ ದಿನದ ಲಾಗನ್ನು ಅಳಿಸದೆ ಇಡಿ" ಎಂದು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಬೇಕು.

ಸಮುದ್ರದಾಚೆ ಬ್ರಿಟನ್ನಿನಲ್ಲಿ ಇದೇ ಬಗೆಯ ತಪ್ಪು ಘೋರ ರೂಪ ತಾಳಿತು. ಅಲ್ಲಿನ ಅಂಚೆ ಸಂಸ್ಥೆ 1999ರಿಂದ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ತಂದಿತು. ಹಳ್ಳಿ, ಪಟ್ಟಣಗಳಲ್ಲಿ ಉಪ ಅಂಚೆ ಕಚೇರಿ ನಡೆಸುತ್ತಿದ್ದವರು ಸಂಸ್ಥೆಯ ನೌಕರರಲ್ಲ, ಕರಾರಿನ ಮೇಲಿದ್ದವರು. ಕಂಪ್ಯೂಟರ್ ದುಡ್ಡು ಕಡಿಮೆ ಎಂದು ತೋರಿಸಿದರೆ ಅದನ್ನು ಅವರೇ ತುಂಬಬೇಕಿತ್ತು. ಆಲನ್ ಬೇಟ್ಸ್ ಎಂಬವರು ಒಪ್ಪಲಿಲ್ಲ, 2003ರಲ್ಲಿ ಅವರ ಕರಾರು ಮುರಿಯಿತು. ಉಳಿದ ಎಷ್ಟೋ ಜನರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಮೊಕದ್ದಮೆ ಬಿತ್ತು. 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿಕೊಂಡರು. "ನಿಮ್ಮ ಶಾಖೆಯ ಲೆಕ್ಕವನ್ನು ನೀವಲ್ಲದೆ ಬೇರೆ ಯಾರೂ ಮುಟ್ಟಲಾರರು" ಎಂದು ಸಂಸ್ಥೆ ವರ್ಷಗಟ್ಟಲೆ ಸಾಧಿಸಿತು. ವ್ಯವಸ್ಥೆ ಕಟ್ಟಿಕೊಟ್ಟ ಫುಜಿತ್ಸು ಕಂಪನಿಯ ಸಿಬ್ಬಂದಿ ದೂರದಲ್ಲಿ ಕೂತೇ, ಶಾಖೆಯವರಿಗೆ ತಿಳಿಯದಂತೆ ಲೆಕ್ಕದೊಳಗೆ ಕೈ ಆಡಿಸಬಹುದಿತ್ತು ಎಂಬುದು 2019ರ ಡಿಸೆಂಬರಿನಲ್ಲಿ, ಬೇಟ್ಸ್ ಮತ್ತು ಸಂಗಡಿಗರು ಒಟ್ಟು 555 ಜನ ಹೂಡಿದ ದಾವೆಯ ತೀರ್ಪಿನಲ್ಲಿ ಖಚಿತವಾಯಿತು. 2024ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆಯನ್ನೇ ತಂದು ಆ ಶಿಕ್ಷೆಗಳನ್ನು ರದ್ದು ಮಾಡಿತು.

ಇಲ್ಲೊಂದು ಸ್ವಾರಸ್ಯವಿದೆ. ಕಂಪ್ಯೂಟರ್ ಸರಿಯಾಗಿ ನಡೆಯುತ್ತಿತ್ತು ಎಂದು ತೋರಿಸಬೇಕಾದ ಕಟ್ಟಳೆಯನ್ನು ಬ್ರಿಟನ್ ಕೈಬಿಟ್ಟ ಕಾಲಕ್ಕೇ, 2000ದಲ್ಲಿ, ನಾವು ನಮ್ಮ ಸಾಕ್ಷ್ಯ ಕಾಯ್ದೆಗೆ 65ಬಿ ಕಲಮು ಸೇರಿಸಿ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕೆಂದೆವು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮೂ ಅದನ್ನೇ ಕೇಳುತ್ತದೆ. ಯಂತ್ರವನ್ನು ಸುಲಭಕ್ಕೆ ನಂಬದ ನಮ್ಮ ಈ ಗುಣ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೆ ಕಾರ್ಖಾನೆಯೊಳಗಿನ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಇಲ್ಲ. ಹೀಗಾಗಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಅಲ್ಲಿ ಸಾಕು. ಆದ್ದರಿಂದಲೇ ವಿಚಾರಣೆ ನಡೆಯುವ ರೀತಿಯ ಮೇಲೆ ಕಣ್ಣಿಡಬೇಕು. ಆರೋಪ ಬರಹದಲ್ಲಿ ಬರಬೇಕು, ಆಧರಿಸಿದ ಲಾಗಿನ ಪ್ರತಿ ಸಿಗಬೇಕು, ಅದನ್ನು ತೆಗೆದುಕೊಟ್ಟವರನ್ನು ಪ್ರಶ್ನಿಸಲು ಬಿಡಬೇಕು. ಮಾತಾಡಲು ಅವಕಾಶವನ್ನೇ ಕೊಡದೆ ಕೆಲಸದಿಂದ ತೆಗೆಯುವುದು ಜೀವನೋಪಾಯದ ಹಕ್ಕಿಗೇ ಧಕ್ಕೆ ಎಂದು ಸುಪ್ರೀಂ ಕೋರ್ಟು 1993ರಲ್ಲೇ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿದೆ. ತಪ್ಪಾಗಿ ತೆಗೆದಿದ್ದರೆ ಹಿಂಬಾಕಿ ವೇತನದೊಂದಿಗೆ ಮರಳಿ ಕೆಲಸ ಕೊಡುವುದೇ ಸಾಮಾನ್ಯ ನಿಯಮ ಎಂದದ್ದು 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪು.

"ಅಡ್ಮಿನ್ ಎಂದರೆ ಅಧಿಕಾರಿ, ಕಾರ್ಮಿಕ ಕಾನೂನು ನಿಮಗಿಲ್ಲ" ಎಂದು ಆಡಳಿತದವರು ಹೇಳುವುದುಂಟು. ಕೋರ್ಟು ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನವಿಡೀ ಮಾಡುವ ಕೆಲಸವನ್ನು. 2015ರಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ಮ್ಯಾನೇಜರ್ ದರ್ಜೆಯವರೆಂದು ಹೇಳಿ ತೆಗೆದ ಎಂಜಿನಿಯರ್ ಒಬ್ಬರು ಮಾಡುತ್ತಿದ್ದುದು ತಾಂತ್ರಿಕ ಕೆಲಸವೇ ಎಂದು ಒಪ್ಪಿ, ಚೆನ್ನೈನ ಲೇಬರ್ ಕೋರ್ಟು 2022ರಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಕೇಬಲ್ ಎಳೆಯುವುದು, ಸ್ವಿಚ್ ಬದಲಿಸುವುದು, ಬ್ಯಾಕಪ್ ತೆಗೆಯುವುದು ಆಡಳಿತ ಹೇಗಾದೀತು?

ಆಪಾದನೆ ಬಂದ ಸಿಟ್ಟಿನಲ್ಲಿ ಪಾಸ್‌ವರ್ಡ್ ಬಚ್ಚಿಟ್ಟುಕೊಳ್ಳುವವರೂ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತದ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಟೆರಿ ಚೈಲ್ಡ್ಸ್ 2008ರಲ್ಲಿ ಹಾಗೆ ಮಾಡಿದರು. ಜೈಲು ಸೇರಿದ ಮೇಲೆ ಮೇಯರ್ ಅವರಿಗೆ ಮಾತ್ರ ಹೇಳಿದರು. ಅಷ್ಟು ದಿನವೂ ನೆಟ್‌ವರ್ಕ್ ನಡೆಯುತ್ತಲೇ ಇತ್ತು, ಆದರೂ 2010ರಲ್ಲಿ ನಾಲ್ಕು ವರ್ಷದ ಶಿಕ್ಷೆಯಾಯಿತು. ನಮ್ಮಲ್ಲೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ನೋಡುವುದು ಅನುಮತಿ ಇತ್ತೋ ಇಲ್ಲವೋ ಎಂಬುದನ್ನು. ಶಿಕ್ಷೆ ಮೂರು ವರ್ಷದವರೆಗೂ ಹೋಗಬಹುದು. ಕೆಲಸದಿಂದ ತೆಗೆದ ಕ್ಷಣದಿಂದ ಆ ಅನುಮತಿ ಇಲ್ಲ. ತಮ್ಮ ನಿರಪರಾಧಿತ್ವಕ್ಕೆ ಪುರಾವೆ ಹುಡುಕಲೆಂದೇ ಆದರೂ ಮತ್ತೆ ಲಾಗಿನ್ ಆಗಕೂಡದು. ಪಾಸ್‌ವರ್ಡುಗಳನ್ನು ಬರೆದು ಒಪ್ಪಿಸಿ, ರಸೀದಿ ಪಡೆದು, ಅವತ್ತೇ ಬದಲಿಸಿಕೊಳ್ಳಿ ಎಂದು ಪತ್ರದಲ್ಲೇ ಹೇಳಬೇಕು.

ದೂರು ಕೊಡುವುದು ಎಲ್ಲಿ? ಸಿಮೆಂಟ್ ಉದ್ಯಮದ ತಕರಾರುಗಳು ಬಹುಕಾಲದಿಂದ ಕೇಂದ್ರ ಸರ್ಕಾರದ ವ್ಯಾಪ್ತಿಯವು; ವಾಡಿ, ಸೇಡಂನ ಕಾರ್ಖಾನೆಗಳ ವ್ಯಾಜ್ಯಗಳು ಬೆಂಗಳೂರಿನ ಕೇಂದ್ರ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಿವೆ. ಸಾಮಾನ್ಯ ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರು ರಾಜ್ಯದ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಬೇಕು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದ್ದು, ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ಮೊದಲು ಮೂರು ವರ್ಷವಿದ್ದ ಗಡುವು ಎರಡಕ್ಕೆ ಇಳಿದಿದೆ. ಗುತ್ತಿಗೆಯವರು ಅರ್ಜಿಯಲ್ಲಿ ಗುತ್ತಿಗೆದಾರನ ಹೆಸರಿನ ಜೊತೆ ಮೂಲ ಕಂಪನಿಯ ಹೆಸರನ್ನೂ ಬರೆಯಲಿ, ಲಾಗ್ ಇರುವುದು ಕಂಪನಿಯ ಸರ್ವರಿನಲ್ಲಿ.