ಆಟವೆಂದು ಆಡಿದ ಯುದ್ಧ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಿಜ್ಞಾನದ ಕಲ್ಪನೆಯನ್ನು ಯುದ್ಧದ ಕಥೆಯೊಡನೆ ಬೆಸೆದ ಕಾದಂಬರಿಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ಅವುಗಳಲ್ಲಿ ಬಹುಪಾಲು ತೋಪು ತುಪಾಕಿಗಳ ಸ್ಥಾನದಲ್ಲಿ ಕಿರಣಾಯುಧಗಳನ್ನಿರಿಸಿ, ಹಳೆಯ ಕಾಳಗವನ್ನೇ ಹೊಸ ಆಕಾಶದಲ್ಲಿ ನಡೆಸತಕ್ಕವು. ಅವುಗಳಿಗಾಗಿ ತಮ್ಮ ಕಾಲವನ್ನು ನಾವು ಕಳೆಯುವುದಿಲ್ಲ. ಅಮೆರಿಕದ ಆರ್ಸನ್ ಸ್ಕಾಟ್ ಕಾರ್ಡ್ ಅವರು 1985ರಲ್ಲಿ ಪ್ರಕಟಿಸಿದ 'ಎಂಡರ್ಸ್ ಗೇಮ್' ಮಾತ್ರ ಒಂದು ಶಾಲೆಯ ಕಥೆ. ಆದುದರಿಂದಲೇ ಈ ಸಭೆಯಲ್ಲಿ ಅದರ ಪ್ರಸ್ತಾಪ ಉಚಿತವೆಂದು ಭಾವಿಸಿದ್ದೇವೆ. 1977ರಲ್ಲಿ ಸಣ್ಣಕಥೆಯಾಗಿ ಬೆಳಕು ಕಂಡ ವಸ್ತುವನ್ನೇ ಅವರು ಕಾದಂಬರಿಯಾಗಿ ಬೆಳೆಸಿದರು. ಹ್ಯೂಗೋ, ನೆಬ್ಯುಲಾ ಎಂಬ ಎರಡು ಹಿರಿಯ ಬಹುಮಾನಗಳೂ ಅದಕ್ಕೆ ಸಂದಿವೆ.

ಕಥೆ ಹೀಗಿದೆ. ಕೀಟಗಳನ್ನು ಹೋಲುವ ಅನ್ಯಗ್ರಹದ ಜೀವಿಗಳು ಎರಡು ಬಾರಿ ಮಾನವರ ಮೇಲೆ ಏರಿ ಬಂದು ಸೋತಿವೆ. ಮೂರನೆಯ ಯುದ್ಧಕ್ಕೆ ತಕ್ಕ ಸೇನಾನಿ ಬೇಕು. ಅದಕ್ಕಾಗಿ ಸರಕಾರವು ಭೂಮಿಯನ್ನು ಸುತ್ತುವ ಒಂದು ನಿಲ್ದಾಣದಲ್ಲಿ ಯುದ್ಧಶಾಲೆಯನ್ನು ನಡೆಸಿ, ಎಳೆಯ ಮಕ್ಕಳನ್ನು ಆರಿಸಿ ತರುತ್ತದೆ. ಆಂಡ್ರೂ ವಿಗ್ಗಿನ್ ಎಂಬ ಹುಡುಗನನ್ನು ಕೊಂಡೊಯ್ದಾಗ ಅವನಿಗೆ 6 ವರ್ಷ. ಅಕ್ಕ ತೊದಲುತ್ತ ಇಟ್ಟ 'ಎಂಡರ್' ಎಂಬುದೇ ಅವನ ಬಳಕೆಯ ಹೆಸರು. 'ಮುಗಿಸುವವನು' ಎಂಬ ಅರ್ಥವೂ ಅದಕ್ಕೆ ಬರುತ್ತದೆ.

ಈ ಗ್ರಂಥದ ಅತ್ಯಂತ ಸೊಗಸಾದ ಭಾಗವೆಂದರೆ ಮಕ್ಕಳ ಅಣಕು ಕಾಳಗದ ಕೋಣೆ. ಅಲ್ಲಿ ಯಾವುದಕ್ಕೂ ತೂಕವಿಲ್ಲ. ನಾಲ್ವತ್ತು ನಾಲ್ವತ್ತು ಮಕ್ಕಳ ಎರಡು ಪಡೆಗಳು ಎದುರುಬದುರಾದ ಬಾಗಿಲುಗಳಿಂದ ತೇಲುತ್ತ ಬರುತ್ತವೆ. ಬೆಳಕಿನ ಕಿರಣ ತಾಗಿದ ಅಂಗದ ಮೇಲೆ ಉಡುಪು ಸೆಟೆದುಕೊಳ್ಳುತ್ತದೆ. ಒಳಗೆ ಬಂದ ಮಕ್ಕಳೆಲ್ಲರೂ ಹೊರಗಿನ ಓಣಿಯಲ್ಲಿ ಯಾವುದು ನೆಲವಾಗಿತ್ತೋ ಅದನ್ನೇ ಇಲ್ಲಿಯೂ ನೆಲವೆಂದು ಬಗೆಯುತ್ತಾರೆ. ಎಂಡರ್ ಒಬ್ಬನೇ ಬೇರೆ ಬಗೆಯಾಗಿ ಯೋಚಿಸುತ್ತಾನೆ. ಮೇಲೆ ಕೆಳಗೆ ಎಂಬುದೇ ಇಲ್ಲದೆಡೆ ನೆಲವನ್ನು ನಾವೇ ಗೊತ್ತುಮಾಡಿಕೊಳ್ಳಬಹುದಷ್ಟೆ? ಶತ್ರುವಿನ ಬಾಗಿಲೇ ಪಾತಾಳವೆಂದು ಎಣಿಸಿ, ಕಾಲು ಮುಂದಾಗಿ ಅತ್ತ ಬೀಳುತ್ತಿರುವೆನೆಂದು ಭಾವಿಸುತ್ತಾನೆ. ಆಗ ಮಡಿಸಿದ ಕಾಲುಗಳೇ ಅವನಿಗೆ ಗುರಾಣಿಯಾಗುತ್ತವೆ. ವಿದ್ಯಾರ್ಥಿಗಳು ಈ ಪ್ರಕರಣವನ್ನು ಭೌತಶಾಸ್ತ್ರದ ಪಾಠದೊಡನೆ ಓದತಕ್ಕದ್ದು. ಭೂಮಿಯಿಂದ 400 ಕಿಲೋಮೀಟರು ಮೇಲೆ ಹೋದರೂ ಅದರ ಸೆಳೆತ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಉಳಿದೇ ಇರುತ್ತದೆ. ಆದರೂ ಅಲ್ಲಿಯ ಯಾತ್ರಿಕರು ತೇಲುವುದು, ನೌಕೆಯೂ ತಾವೂ ಒಟ್ಟಿಗೆ ಎಡೆಬಿಡದೆ ಬೀಳುತ್ತಿರುವುದರಿಂದ. ಕಥೆಯ ಹುಡುಗನು ಬೀಳುವಿಕೆಯನ್ನೇ ಯುಕ್ತಿಯಾಗಿ ಮಾಡಿಕೊಂಡದ್ದು ನಮಗೆ ಬಹಳ ಹಿಡಿಸಿತು.

ಮುಂದಿನದು ನೋವಿನ ಕಥೆ. ಎಂಡರನನ್ನು ಏರೋಸ್ ಎಂಬ ಕ್ಷುದ್ರಗ್ರಹಕ್ಕೆ ಒಯ್ದು, ಯಂತ್ರದ ಮುಂದೆ ಕುಳ್ಳಿರಿಸಿ, ದಿನದಿನವೂ ಕೃತಕ ನೌಕಾಯುದ್ಧಗಳಲ್ಲಿ ಪರೀಕ್ಷಿಸುತ್ತಾರೆ. ಕೊನೆಯ ಪರೀಕ್ಷೆಯಲ್ಲಿ ಎದುರಾಳಿಯ ಬಲ ಲೆಕ್ಕಕ್ಕೆ ಮೀರಿದ್ದು. ಬೇಸತ್ತ ಬಾಲಕನು, ನಿಯಮವನ್ನು ಮುರಿದರೆ ತನ್ನನ್ನು ಹೊರಗೆ ಹಾಕುವರೆಂದೆಣಿಸಿ, ಶತ್ರುವಿನ ಗ್ರಹವನ್ನೇ ಸಿಡಿಸಿಬಿಡುತ್ತಾನೆ. ಸುತ್ತಲಿನ ಹಿರಿಯರು ಅಳುತ್ತಾರೆ, ಅಪ್ಪಿಕೊಳ್ಳುತ್ತಾರೆ. ಆಗ ತಿಳಿಯುತ್ತದೆ: ಅಷ್ಟು ದಿನವೂ ನಡೆದುದು ಪರೀಕ್ಷೆಯಲ್ಲ. ದೂರದಲ್ಲಿ ನಿಜವಾದ ನೌಕೆಗಳಿದ್ದುವು. ಅವುಗಳಲ್ಲಿ ನಿಜವಾದ ಮನುಷ್ಯರಿದ್ದರು. ಒಂದು ಜೀವಕುಲವೇ ಅವನ ಕೈಯಿಂದ ಅಳಿದುಹೋಯಿತು.

ಬಾಲವೀರನೆಂದೊಡನೆ ನಮ್ಮವರಿಗೆ ನೆನಪಾಗುವವನು ಅಭಿಮನ್ಯು. ಅವನ ಕಾಳಗವನ್ನು ಯಕ್ಷಗಾನದಲ್ಲಿ ಕಂಡು ಕಣ್ಣೊರೆಸಿಕೊಂಡವರು ಈ ಸಭೆಯಲ್ಲಿ ಅನೇಕರಿರಬೇಕು. ಆದರೆ ಹೊರಬರುವ ದಾರಿ ತಿಳಿಯದೆಂದು ಅಭಿಮನ್ಯುವಿಗೆ ಗೊತ್ತಿತ್ತು. ಗೊತ್ತಿದ್ದೇ ಅವನು ವ್ಯೂಹದೊಳಕ್ಕೆ ನುಗ್ಗಿದನು. ಎಂಡರನಿಗಾದರೋ ತಾನು ಒಳಹೊಕ್ಕೆನೆಂಬುದೇ ತಿಳಿಯದು. ಅಭಿಮನ್ಯು ಪ್ರಾಣವನ್ನು ಕಳೆದುಕೊಂಡನು; ಈ ಮಗು ಬದುಕಿ ಉಳಿದು, ಗೆದ್ದ ಪಾಪವನ್ನು ಹೊತ್ತುಕೊಂಡಿತು. ಯಾವುದು ಹೆಚ್ಚು ಕ್ರೂರವೆಂದು ನಿರ್ಣಯಿಸಲು ನಾವು ಅಸಮರ್ಥರು.

ಗ್ರಂಥದಲ್ಲಿ ನಮಗೆ ಒಪ್ಪಿಗೆಯಾಗದ ಅಂಶವೊಂದುಂಟು. ಕಥೆಯ ನಡುವೆ ಎಂಡರನು ತನ್ನನ್ನು ಪೀಡಿಸಿದ ಇಬ್ಬರು ಹುಡುಗರನ್ನು ಹೊಡೆಯುತ್ತಾನೆ, ಇಬ್ಬರೂ ಸಾಯುತ್ತಾರೆ. ಆ ಸಾವುಗಳನ್ನು ಹಿರಿಯರು ಅವನಿಂದ ಮುಚ್ಚಿಡುತ್ತಾರೆ. ಲೇಖಕರು ಕೊಲೆಯನ್ನು ಅವನ ಕೈಯಿಂದಲೇ ಮಾಡಿಸಿ, ಅರಿವನ್ನು ಮಾತ್ರ ತಪ್ಪಿಸಿ, ಓದುಗನ ಮರುಕಕ್ಕೆ ಕುಂದು ಬಾರದಂತೆ ಕಾಯುತ್ತಾರೆ. ಇದು ಕೈಚಳಕವೇ ಹೊರತು ನ್ಯಾಯವಲ್ಲ. ಬಿದ್ದವನನ್ನು ಮತ್ತೆ ಒದೆಯುವಾಗ ಆರರ ಮಗುವಿಗೂ ಸ್ವಲ್ಪ ತಿಳಿವು ಇರಲಾರದೆ? ಅಂತಃಕರಣ ಶುದ್ಧವಾಗಿದ್ದ ಮಾತ್ರಕ್ಕೆ ಕೃತ್ಯ ಶುದ್ಧವಾಗದೆಂಬ ಮಾತನ್ನು ಕಾರ್ಡ್ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿತ್ತು.

ತಂದೆ ತಾಯಿಗಳ ಪಾತ್ರವಂತೂ ಬಲು ಸಣ್ಣದು. ಆ ಕಾಲದ ಕಾನೂನಿನಲ್ಲಿ ಮನೆಗೆ ಎರಡೇ ಮಕ್ಕಳು. ಮೂರನೆಯವನಾದ ಎಂಡರ್ ಹುಟ್ಟಿದುದೇ ಸರಕಾರದ ವಿಶೇಷಾನುಮತಿಯಿಂದ. ಹಾಗಾಗಿ ಕೇಳಲು ಬಂದ ಅಧಿಕಾರಿಗೆ ಅವರು ಇಲ್ಲವೆನ್ನಲಾರರು. ಪೋಷಕರು ಆ ಕೆಲವು ಪುಟಗಳನ್ನು ನಿಧಾನವಾಗಿ ಓದಬೇಕೆಂದು ನಮ್ಮ ಅಪೇಕ್ಷೆ. ತಮ್ಮ ಮಗ ಎಲ್ಲರಿಗಿಂತ ಮುಂದೆ ಎಂದು ಕೇಳಿದಾಗ ಹೆತ್ತವರಿಗೆ ಆಗುವ ಹಿಗ್ಗಿಗೂ ಭಯಕ್ಕೂ ಅಲ್ಲಿ ಹೆಚ್ಚು ಅಂತರವಿಲ್ಲ.

ಅಮೆರಿಕದ ನೌಕಾ ಪದಾತಿ ದಳದವರು ಈ ಕಾದಂಬರಿಯನ್ನು ತಮ್ಮ ಸೈನಿಕರ ವಾಚನಪಟ್ಟಿಯಲ್ಲಿ ಸೇರಿಸಿದ್ದುಂಟು. ನಾಯಕತ್ವದ ಪಾಠಕ್ಕಾಗಿಯಂತೆ! ಮೊದಲ ಮುಕ್ಕಾಲು ಭಾಗಕ್ಕೆ ಆ ಮಾತು ಸಲ್ಲುತ್ತದೆ. ಉಳಿದ ಕಾಲು ಭಾಗದಲ್ಲಿ ಎಂಡರನು ತಾನು ನಾಶಮಾಡಿದ ಕುಲದ ರಾಣಿಯೊಂದರ ಕೋಶವನ್ನು ಕಂಡುಹಿಡಿದು, ಅದಕ್ಕೊಂದು ನೆಲೆಯನ್ನು ಹುಡುಕುತ್ತ ಲೋಕದಿಂದ ಲೋಕಕ್ಕೆ ಅಲೆಯುತ್ತಾನೆ. ಅದನ್ನು ಯಾವ ಕವಾಯತಿನಲ್ಲಿ ಕಲಿಸುವರೋ ನಾವರಿಯೆವು.

ಒಂಬತ್ತನೆಯ ತರಗತಿಗೆ ಮೇಲ್ಪಟ್ಟವರು ಇದನ್ನು ಧಾರಾಳವಾಗಿ ಓದಬಹುದು. 2013ರಲ್ಲಿ ಬಂದ ಚಲನಚಿತ್ರವನ್ನು ನೋಡಿದ ಮಾತ್ರಕ್ಕೆ ಪುಸ್ತಕವನ್ನು ಬಿಡಬೇಡಿರಿ. ಅದರಲ್ಲಿ ನಾಯಕನ ವಯಸ್ಸನ್ನು ಏರಿಸಿದ್ದಾರೆ, ಆರು ವರ್ಷದ ಮಗು ಅಲ್ಲಿ ಕಾಣಸಿಗುವುದಿಲ್ಲ.